ಮಾರ್ಥಳ ಎಳೆದಾಟ

ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದ ಕೊನೆಗೆ ಐದೇ ವಚನಗಳ ಒಂದು ಕಥೆ ಬರುತ್ತದೆ. ಪ್ರಯಾಣದಲ್ಲಿದ್ದ ಯೇಸು ಒಂದು ಹಳ್ಳಿಯನ್ನು ಹೊಕ್ಕಾಗ ಮಾರ್ಥ ಎಂಬಾಕೆ ಆತನನ್ನು ಮನೆಗೆ ಬರಮಾಡಿಕೊಳ್ಳುತ್ತಾಳೆ. ಆಕೆಯ ತಂಗಿ ಮರಿಯ ಬಂದವನ ಕಾಲ ಬಳಿ ಕೂತು ಮಾತು ಕೇಳುತ್ತಾಳೆ. ಮಾರ್ಥಳಿಗೆ ಒಳಗೆ ಕೈತುಂಬ ಕೆಲಸ. ತಡೆಯಲಾರದೆ ಹೊರಬಂದು, ತಂಗಿಗೆ ಹೇಳಿ ತನ್ನ ನೆರವಿಗೆ ಕಳಿಸಬೇಕೆಂದು ಅತಿಥಿಯನ್ನೇ ಕೇಳುತ್ತಾಳೆ. ಯೇಸು ಆಕೆಯ ಹೆಸರನ್ನು ಎರಡು ಸಲ ಕರೆದು, ನೀನು ಹತ್ತಾರು ಸಂಗತಿಗಳಿಗೆ ಚಿಂತೆ ಹಚ್ಚಿಕೊಂಡಿದ್ದೀಯ, ಬೇಕಾದದ್ದು ಒಂದು, ಮರಿಯ ಒಳ್ಳೆಯ ಪಾಲನ್ನೇ ಆರಿಸಿಕೊಂಡಿದ್ದಾಳೆ, ಅದನ್ನು ಅವಳಿಂದ ಕಿತ್ತುಕೊಳ್ಳಲಾಗದು ಎಂಬರ್ಥದ ಮಾತು ಹೇಳುತ್ತಾನೆ. ಕಥೆ ಅಲ್ಲಿಗೇ ಮುಗಿಯುತ್ತದೆ.

ಗ್ರೀಕ್ ಮೂಲದಲ್ಲಿ ಇರುವುದು ಸೋದರಿ ಎಂಬ ಪದ ಮಾತ್ರ. ಯಾರು ದೊಡ್ಡವಳು, ಯಾರು ಚಿಕ್ಕವಳು ಎಂದು ಲೂಕ ಹೇಳಿಲ್ಲ. ಕನ್ನಡದಲ್ಲಿ ಕಥೆ ಹೇಳಹೊರಟರೆ ನಾಲಿಗೆ ತಾನಾಗಿಯೇ ಮಾರ್ಥಳನ್ನು ಅಕ್ಕ ಮಾಡಿಬಿಡುತ್ತದೆ. ನಾನೂ ಈಗಷ್ಟೇ ಅದನ್ನೇ ಮಾಡಿದೆ. ಮನೆಯ ಭಾರ ಹೊರುವವಳು, ಗೊಣಗುವವಳು, ಕೊನೆಗೆ ಬೈಸಿಕೊಳ್ಳುವವಳು ಅಕ್ಕನೇ ಅಲ್ಲವೇ ನಮ್ಮಲ್ಲಿ.

ಈಚಿನ ವರ್ಷಗಳಲ್ಲಿ ಈ ಕಥೆಗೆ ಹೊಸದೊಂದು ಉದ್ಯೋಗ ಸಿಕ್ಕಿದೆ. ಮಹಾನಗರಗಳ ಸಭೆಗಳಲ್ಲಿ, ಯುವಜನರ ಶಿಬಿರಗಳಲ್ಲಿ, ಆನ್‌ಲೈನ್ ಪ್ರಸಂಗಗಳಲ್ಲಿ ಗಮನಭಂಗ ಎಂಬ ವಿಷಯ ಬಂದರೆ ಮಾರ್ಥ ಹಾಜರಾಗಲೇಬೇಕು. ಮಾರ್ಥ ಎಂದರೆ ಮೊಬೈಲು, ವಾಟ್ಸಾಪು, ಓಟಿಟಿ, ಕೆಲಸದ ಒತ್ತಡ. ಮರಿಯ ಎಂದರೆ ಬೆಳಗಿನ ಐದು ಗಂಟೆಗೆ ಎದ್ದು ಫೋನನ್ನು ಇನ್ನೊಂದು ಕೋಣೆಯಲ್ಲಿಟ್ಟು ಸತ್ಯವೇದ ತೆರೆಯುವವಳು. ದೇವರನ್ನು ಪೂರ್ಣಮನಸ್ಸಿನಿಂದ ಸೇವಿಸಬೇಕಾದರೆ ಅಡ್ಡಿಗಳನ್ನು ತೆಗೆದುಹಾಕಿ, ಇಂತಿಂಥವುಗಳನ್ನು ಅಳಿಸಿ, ಇಂತಿಷ್ಟು ಹೊತ್ತು ಮೌನವಾಗಿರಿ ಎಂಬ ಪಟ್ಟಿ ಕೊನೆಗೆ ಬರುತ್ತದೆ. ನಾನು ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಪ್ರಾಜೆಕ್ಟುಗಳನ್ನು ನಡೆಸುವವನು. ಆ ಪಟ್ಟಿ ಕೇಳಿದಾಗ ನನಗೆ ನಮ್ಮ ಕಂಪನಿಯವರು ಕೊಡಿಸುವ ಉತ್ಪಾದಕತೆಯ ತರಬೇತಿಯೇ ನೆನಪಾಗುತ್ತದೆ. ಅಲ್ಲಿಯ ಸಲಹೆಗಳೂ ಇವೇ, ದೇವರ ಜಾಗದಲ್ಲಿ ಕ್ಲೈಂಟ್ ಇರುತ್ತಾನೆ, ಅಷ್ಟೆ.

ಫೋನನ್ನು ದೂರವಿಡುವುದು ತಪ್ಪೆಂದು ನನ್ನ ವಾದವಲ್ಲ. ಇಡಬೇಕು. ನನ್ನ ತಕರಾರು ಓದಿನ ಬಗ್ಗೆ. ಈ ಐದು ವಚನಗಳು ಹೇಳುವುದು ಅದನ್ನೇ ಹೌದೇ?

ಮೊದಲು ಪದ. ಮಾರ್ಥಳ ಸ್ಥಿತಿಯನ್ನು ಹೇಳಲು ಲೂಕ ಬಳಸಿದ ಕ್ರಿಯಾಪದ ‘ಪೆರಿಸ್ಪಾವೋ’. ‘ಪೆರಿ’ ಎಂದರೆ ಸುತ್ತ, ‘ಸ್ಪಾವೋ’ ಎಂದರೆ ಎಳೆ. ಸುತ್ತಲಿಂದಲೂ ಎಳೆಯಲ್ಪಡುವುದು. ಕನ್ನಡದಲ್ಲಿ ಗಮನಭಂಗ, ಚಿತ್ತಚಾಂಚಲ್ಯ, ವಿಕ್ಷೇಪ ಎಂದು ಏನೇನೋ ಅನ್ನಬಹುದು. ಆದರೆ ಇವೆಲ್ಲ ಧ್ಯಾನಕ್ಕೆ ಕೂತವನ ಕಷ್ಟವನ್ನು ಹೇಳುವ ಪದಗಳು. ಲೂಕನ ಪದಕ್ಕೆ ಹತ್ತಿರವಿರುವುದು ನಮ್ಮ ಮನೆಮಾತಿನ ‘ಎಳೆದಾಟ’. ಒಲೆಯ ಮೇಲೆ ಒಂದು, ಕಟ್ಟೆಯ ಮೇಲೆ ಒಂದು, ಬಾಗಿಲಲ್ಲಿ ಒಬ್ಬರು, ನೀರು ತರಬೇಕು, ಹಾಸಬೇಕು ಎಂಬಾಗ ಆಗುವುದು ಎಳೆದಾಟವೇ. ಇದು ಯಾವುದೋ ಕ್ಷುಲ್ಲಕ ಮೋಜಿನಿಂದ ಆದದ್ದಲ್ಲ ಎಂಬುದನ್ನು ಲೂಕ ಅದೇ ವಾಕ್ಯದಲ್ಲಿ ಸ್ಪಷ್ಟಪಡಿಸುತ್ತಾನೆ. ಮಾರ್ಥಳನ್ನು ಎಳೆದಾಡಿದ್ದು ‘ದಿಯಕೋನಿಯ’, ಅಂದರೆ ಸೇವೆ. ಮುಂದೆ ಸಭೆಯ ಅತ್ಯಂತ ಗೌರವದ ಕೆಲಸಗಳಿಗೆ ಇಟ್ಟ ಹೆಸರೇ ಇದು; ಸಭೆಯ ಒಂದು ಹುದ್ದೆಗೆ ‘ಡೀಕನ್’ ಎಂಬ ಹೆಸರು ಬಂದದ್ದೂ ಇದೇ ಬೇರಿನಿಂದ. ಮಾರ್ಥ ಓಟಿಟಿ ನೋಡುತ್ತಿರಲಿಲ್ಲ. ದೇವರ ಸೇವೆಯೇ ಆಕೆಯನ್ನು ದೇವರಿಂದ ಎಳೆದದ್ದು. ಈ ಒಂದು ವಿಚಿತ್ರವನ್ನು ಬಿಟ್ಟುಕೊಟ್ಟರೆ ಕಥೆಯಲ್ಲಿ ಉಳಿಯುವುದು ಸಪ್ಪೆ ನೀತಿಪಾಠ.

ಇದೇ ಬೇರಿನಿಂದ ಬಂದ ನಿಷೇಧರೂಪವೊಂದು ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಏಳನೆಯ ಅಧ್ಯಾಯದಲ್ಲಿದೆ: ‘ಅಪೆರಿಸ್ಪಾಸ್ತೋಸ್’, ಎಳೆದಾಟವಿಲ್ಲದೆ. ಮದುವೆಯಾದವರ ಮನಸ್ಸು ಹಂಚಿಹೋಗಿರುತ್ತದೆ, ಆಗದವರು ಕರ್ತನ ಬಳಿ ಎಳೆದಾಟವಿಲ್ಲದೆ ಇರಬಲ್ಲರು ಎಂಬ ವಾದದ ನಡುವೆ ಅದು ಬರುತ್ತದೆ. ಪಕ್ಕದಲ್ಲೇ ಪೌಲ ಬಳಸುವ ಇನ್ನೊಂದು ಪದಕ್ಕೆ ಬಳಿಯಲ್ಲಿ ಚೆನ್ನಾಗಿ ಕೂತಿರುವುದು ಎಂಬ ಅರ್ಥ ಹೊರಡುತ್ತದೆ. ಲೂಕನ ಮನೆಯಲ್ಲಿ ಒಬ್ಬಳು ಬಳಿ ಕೂತಿದ್ದಾಳೆ, ಒಬ್ಬಳು ಎಳೆದಾಟದಲ್ಲಿದ್ದಾಳೆ. ಪೌಲನ ವಾಕ್ಯಕ್ಕೆ ಲೂಕ ಒಂದು ಮನೆ ಕಟ್ಟಿಕೊಟ್ಟನೋ, ಅಥವಾ ಇಬ್ಬರೂ ಒಂದೇ ಮಾತಿನ ವಲಯದಿಂದ ಎತ್ತಿಕೊಂಡರೋ, ಪದಗಳ ನೆಂಟಸ್ತಿಕೆ ಮಾತ್ರ ಕಣ್ಣಿಗೆ ಹೊಡೆಯುವಂತಿದೆ.

ಇನ್ನು ಕಥೆ ನಿಂತ ಜಾಗ. ನನ್ನ ಮಟ್ಟಿಗೆ ಇಡೀ ಪ್ರಶ್ನೆ ಇಲ್ಲಿದೆ. ಮಾರ್ಥಳ ಕಥೆಗೆ ತಗುಲಿಕೊಂಡೇ, ಹಿಂದಿನ ವಚನಗಳಲ್ಲಿ, ಒಳ್ಳೆಯ ಸಮಾರ್ಯದವನ ಸಾಮ್ಯವಿದೆ. ಯೆರೂಸಲೇಮಿನಿಂದ ಯೆರಿಕೋಗೆ ಇಳಿಯುವ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕು ಅರೆಜೀವವಾಗಿ ಬಿದ್ದವನೊಬ್ಬ. ಒಬ್ಬ ಯಾಜಕ ಬರುತ್ತಾನೆ, ನೋಡಿ ಆಚೆ ಬದಿಯಿಂದ ಹೋಗುತ್ತಾನೆ. ಒಬ್ಬ ಲೇವಿಯ ಬರುತ್ತಾನೆ, ಅವನೂ ಹಾಗೆಯೇ. ಇಬ್ಬರೂ ದೇವಾಲಯದ ಸೇವೆಗೆ ಸೇರಿದವರು. ಏಕಚಿತ್ತದವರು ಎಂದು ಬೇಕಾದರೆ ಅನ್ನಿ. ದಾರಿಯ ಅಡ್ಡಿಗೆ ಅವರ ಹೆಜ್ಜೆ ತಪ್ಪಲಿಲ್ಲ. ಜನ ಕೀಳಾಗಿ ಕಾಣುತ್ತಿದ್ದ ಸಮಾರ್ಯದವನೊಬ್ಬ ನಿಲ್ಲುತ್ತಾನೆ. ಎಣ್ಣೆ, ದ್ರಾಕ್ಷಾರಸ, ಕತ್ತೆ, ಛತ್ರ, ಛತ್ರದವನಿಗೆ ಎರಡು ನಾಣ್ಯ. ಅವನ ಅಂದಿನ ಪ್ರಯಾಣದ ಯೋಜನೆ ಪೂರಾ ಮಣ್ಣುಪಾಲು.

ಇದಾದ ಮರುಗಳಿಗೆಗೆ ಮಾರ್ಥ ಮತ್ತು ಮರಿಯ. ಒಂದು ಕಥೆಯಲ್ಲಿ ಅಡ್ಡಿಗೆ ತಲೆಬಾಗಿದವನು ಸರಿ. ಅದರ ಬೆನ್ನಿಗೇ ಬಂದ ಕಥೆಯಲ್ಲಿ ಕೂತಲ್ಲಿಂದ ಏಳದವಳು ಸರಿ. ಎರಡನ್ನೂ ಒಂದೇ ಉಸಿರಿನಲ್ಲಿ ಓದಿದವನಿಗೆ ತಲೆ ಕೆರೆದುಕೊಳ್ಳುವಂತಾಗಬೇಕು. ಸಮಾರ್ಯದವನ ಕಥೆ ಹುಟ್ಟಿದ್ದೂ ಒಬ್ಬ ಧರ್ಮಶಾಸ್ತ್ರಿಯ ಪ್ರಶ್ನೆಯಿಂದ. ದೇವರನ್ನು ಪೂರ್ಣಹೃದಯದಿಂದ ಪ್ರೀತಿಸಬೇಕು, ನೆರೆಯವನನ್ನು ತನ್ನಂತೆಯೇ ಪ್ರೀತಿಸಬೇಕು ಎಂಬ ಎರಡು ಆಜ್ಞೆಗಳನ್ನು ಅವನು ಒಪ್ಪಿಸುತ್ತಾನೆ, ಆಮೇಲೆ ನೆರೆಯವನು ಯಾರು ಎಂದು ಕೇಳುತ್ತಾನೆ. ಲೂಕ ಎರಡನೆಯ ಆಜ್ಞೆಗೆ ಸಮಾರ್ಯದವನನ್ನೂ ಮೊದಲನೆಯದಕ್ಕೆ ಮರಿಯಳನ್ನೂ ಉದಾಹರಣೆಯಾಗಿ ಇಟ್ಟಂತೆ ಕಾಣುತ್ತದೆ. ಹಾಗಾದರೆ ಪೂರ್ಣಹೃದಯ ಎಂಬುದನ್ನು ಮರಿಯಳೊಬ್ಬಳಿಂದ ಕಲಿಯಲಾಗದು. ಪ್ರಸಂಗಗಳಲ್ಲಿ ಈ ಎರಡು ಕಥೆಗಳು ಬೇರೆ ಬೇರೆ ಭಾನುವಾರಗಳಿಗೆ ಹಂಚಿಹೋಗಿರುವುದರಿಂದ ನಮಗೆ ಈ ತೊಡಕು ಎದುರಾಗುವುದೇ ಇಲ್ಲ.

ಎಂಟೆಕ್‌ನಲ್ಲಿ ನಾವು ಓದಿದ ಒಂದು ಸಂಗತಿ ಇಲ್ಲಿ ನನಗೆ ಉಪಯೋಗಕ್ಕೆ ಬರುತ್ತದೆ. ಪ್ರೊಸೆಸರ್ ಒಂದು ಕೆಲಸದಲ್ಲಿ ತೊಡಗಿರುವಾಗ ಹೊರಗಿನಿಂದ ಬರುವ ಕರೆಗೆ ಇಂಟರಪ್ಟ್ ಎನ್ನುತ್ತಾರೆ. ಕೀಬೋರ್ಡು, ನೆಟ್‌ವರ್ಕು, ಟೈಮರು ಎಲ್ಲವೂ ಹೀಗೆ ಕರೆಯುತ್ತಿರುತ್ತವೆ. ಮುಖ್ಯ ಕೆಲಸ ನಡೆಯುವಾಗ ಇವುಗಳಲ್ಲಿ ಬಹುಪಾಲನ್ನು ತಡೆಹಿಡಿದು ಆಮೇಲೆ ನೋಡಿಕೊಳ್ಳಬಹುದು. ಆದರೆ ಕೆಲವನ್ನು ತಡೆಯಲು ಬರುವುದಿಲ್ಲ. ಮೆಮೊರಿ ಕೆಟ್ಟಿದೆ, ಹಾರ್ಡ್‌ವೇರ್ ಕೈಕೊಟ್ಟಿದೆ ಎಂಬಂಥ ಕರೆಗಳವು. ಅವುಗಳ ಹೆಸರೇ ನಾನ್-ಮಾಸ್ಕಬಲ್ ಇಂಟರಪ್ಟ್. ಎಲ್ಲ ಕರೆಗಳಿಗೂ ಓಡುವ ಯಂತ್ರ ಒಂದು ಕೆಲಸವನ್ನೂ ಮುಗಿಸುವುದಿಲ್ಲ, ಎಲ್ಲವನ್ನೂ ತಡೆಯುವ ಯಂತ್ರ ಕೆಟ್ಟದ್ದನ್ನೇ ಅರಿಯದೆ ತಪ್ಪು ಲೆಕ್ಕ ಒಪ್ಪಿಸುತ್ತ ಕೂರುತ್ತದೆ. ಯೆರಿಕೋ ದಾರಿಯಲ್ಲಿ ಬಿದ್ದವನು ತಡೆಯಲಾಗದ ಕರೆ. ಮಾರ್ಥಳ ಮೂರನೆಯ ಪದಾರ್ಥ ಬಹುಶಃ ತಡೆಯಬಹುದಾದದ್ದು. ಉಪಮೆ ಇದಕ್ಕಿಂತ ದೂರ ಎಳೆದರೆ ಹರಿಯುತ್ತದೆ. ಯಂತ್ರಕ್ಕೆ ಯಾವುದು ಯಾವ ಬಗೆಯ ಕರೆಯೆಂದು ತಯಾರಕರು ಮೊದಲೇ ತಂತಿ ಎಳೆದು ತಿಳಿಸಿರುತ್ತಾರೆ. ನಮಗೆ ಆ ಭಾಗ್ಯವಿಲ್ಲ.

ಪದಾರ್ಥ ಎಂದೆ. ಅದಕ್ಕೂ ಪಠ್ಯದಲ್ಲಿ ಒಂದು ಸಣ್ಣ ಆಧಾರವಿದೆ. ಬೇಕಾದದ್ದು ಒಂದೇ ಎಂದು ಕೆಲವು ಪ್ರಾಚೀನ ಹಸ್ತಪ್ರತಿಗಳು ಓದಿದರೆ, ನಾಲ್ಕನೆಯ ಶತಮಾನದ ಎರಡು ದೊಡ್ಡ ಪ್ರತಿಗಳಾದ ವ್ಯಾಟಿಕಾನಸ್ ಮತ್ತು ಸಿನೈಟಿಕಸ್‌ಗಳಲ್ಲಿ ಬೇಕಾದದ್ದು ಕೆಲವು, ಅಥವಾ ಒಂದು ಎಂಬ ಪಾಠವಿದೆ. ಹಾಗೆ ಓದಿದರೆ ಯೇಸುವಿನ ಮಾತಿಗೆ ಊಟದ ಮನೆಯ ಹದ ಬರುತ್ತದೆ. ಇಷ್ಟೆಲ್ಲ ಯಾಕಮ್ಮ, ಒಂದೆರಡು ಸಾಕು, ಒಂದಾದರೂ ಸರಿ ಎನ್ನುವ ಅತಿಥಿಯ ದನಿ ಅದು. ಪಠ್ಯ ವಿದ್ವಾಂಸರಲ್ಲಿ ಯಾವುದು ಮೂಲಪಾಠವೆಂಬ ಬಗ್ಗೆ ಒಮ್ಮತವಿಲ್ಲ. ನನಗೆ ಇಷ್ಟವಾಗುವುದು ಎರಡನೆಯದೇ, ಇಷ್ಟವಾಗುತ್ತದೆ ಎಂಬುದು ಪ್ರಮಾಣವಲ್ಲ ಎಂದು ಗೊತ್ತಿದ್ದೂ.

ಈ ಕಥೆಯನ್ನು ಏಕಾಗ್ರತೆಯ ಮೂಲಪಠ್ಯವಾಗಿ ಓದುವ ಪರಂಪರೆಗೆ ಗಟ್ಟಿ ಅಡಿಪಾಯ ಹಾಕಿದವರಲ್ಲಿ ಜಾನ್ ಕ್ಯಾಸಿಯನ್ ಮುಖ್ಯ. ಯೌವನದಲ್ಲಿ ಈಜಿಪ್ಟಿನ ಮರುಭೂಮಿಯ ಸಂನ್ಯಾಸಿಗಳ ಜೊತೆ ವರ್ಷಗಟ್ಟಲೆ ಇದ್ದು, ಆಮೇಲೆ ಫ್ರಾನ್ಸಿನ ಮಾರ್ಸೇಯಲ್ಲಿ ಮಠ ಕಟ್ಟಿ, 420ರ ದಶಕದಲ್ಲಿ ಆ ಹಿರಿಯರೊಡನೆ ನಡೆದ ಮಾತುಕತೆಗಳನ್ನು ಇಪ್ಪತ್ನಾಲ್ಕು ಸಂವಾದಗಳಾಗಿ ಲ್ಯಾಟಿನ್ನಿನಲ್ಲಿ ಬರೆದವನು. ಮೊದಲ ಸಂವಾದದಲ್ಲೇ ಅಬ್ಬಾ ಮೋಸೆಸ್ ಎಂಬ ಹಿರಿಯನ ಬಾಯಲ್ಲಿ ಮರಿಯ ಬರುತ್ತಾಳೆ. ದೇವರನ್ನು ನೋಡುತ್ತಿರುವುದೇ ಮುಖ್ಯ, ಉಳಿದದ್ದೆಲ್ಲ ಎಷ್ಟು ಒಳ್ಳೆಯದಾದರೂ ಎರಡನೆಯದು ಎನ್ನುತ್ತಾನೆ ಆತ. ನಮ್ಮ ಇಂದಿನ ಪಟ್ಟಿಗಳೆಲ್ಲ ಇಲ್ಲಿಂದಲೇ ಹೊರಟಂತೆ ತೋರುತ್ತವೆ. ಆದರೆ ಕ್ಯಾಸಿಯನ್ನನನ್ನು ಪೂರ್ತಿ ಓದಿದರೆ ಆತ ಪಟ್ಟಿಯ ಶತ್ರು.

ಅದೇ ಸಂವಾದದಲ್ಲಿ ಒಂದು ಚಿತ್ರವಿದೆ. ಬೆಳ್ಳಿ ಬಂಗಾರ, ದೊಡ್ಡ ದೊಡ್ಡ ಜಮೀನು ಎಲ್ಲವನ್ನೂ ಬಿಟ್ಟು ಮರುಭೂಮಿಗೆ ಬಂದವರು ಆಮೇಲೆ ಒಂದು ಚಾಕು, ಒಂದು ಸೂಜಿ, ಒಂದು ಲೇಖನಿಯ ವಿಷಯಕ್ಕೆ ಸಿಟ್ಟಿಗೇಳುತ್ತಾರೆ. ತಮ್ಮ ಪುಸ್ತಕವನ್ನು ಯಾರೂ ಮುಟ್ಟಬಾರದೆಂದು ಕಾಯುತ್ತ ಕೂರುವವರೂ ಇದ್ದಾರೆ. ಆಸ್ತಿ ಹೋಯಿತು, ಹಿಡಿತ ಹಾಗೆಯೇ ಉಳಿಯಿತು. ಫೇಸ್‌ಬುಕ್ ಬಿಟ್ಟವರು ಫೇಸ್‌ಬುಕ್ ಬಿಟ್ಟ ಬಗ್ಗೆ ಆಡುವ ಮಾತಿನ ಉದ್ದವನ್ನು ಕೇಳಿದವರಿಗೆ ಇದನ್ನು ವಿವರಿಸಬೇಕಿಲ್ಲ. ಇನ್ನೊಂದು ಚಿತ್ರ ನೀರಿನಿಂದ ತಿರುಗುವ ಬೀಸುವ ಕಲ್ಲಿನದು. ಮನಸ್ಸು ಆ ಕಲ್ಲಿನಂತೆ. ಹರಿವು ಇರುವ ತನಕ ಅದು ತಿರುಗುತ್ತಲೇ ಇರುತ್ತದೆ, ನಿಲ್ಲಿಸಲು ಬಾರದು. ಗೋದಿ ಹಾಕಬೇಕೋ, ಜವೆಗೋದಿಯೋ, ಕಳೆಬೀಜವೋ ಎಂಬುದು ಮಾತ್ರ ಕಲ್ಲಿನ ಯಜಮಾನನ ಕೈಯಲ್ಲಿದೆ. ಖಾಲಿ ಮನಸ್ಸು ಎಂಬ ಆದರ್ಶವನ್ನೇ ಆತ ಹೀಗೆ ಪಕ್ಕಕ್ಕಿಟ್ಟುಬಿಡುತ್ತಾನೆ. ಕೊನೆಯ ಸಂವಾದದಲ್ಲಂತೂ ಅಪೊಸ್ತಲ ಯೋಹಾನ ಒಂದು ಹಕ್ಕಿಯನ್ನು ನೇವರಿಸುತ್ತ ಕೂತಿರುತ್ತಾನೆ. ಇಂಥ ದೊಡ್ಡವರು ಇಂಥ ಆಟದಲ್ಲೇ ಎಂದು ಬೆರಗಾದ ಬೇಟೆಗಾರನನ್ನು, ನಿನ್ನ ಬಿಲ್ಲಿಗೆ ಸದಾ ಹೆದೆ ಏರಿಸಿಟ್ಟಿರುವುದಿಲ್ಲವೇಕೆ ಎಂದು ಕೇಳುತ್ತಾನೆ.

ಆದರೂ ಕ್ಯಾಸಿಯನ್ನನ ಶ್ರೇಣಿಯ ಬಗ್ಗೆ ನನಗೆ ಕಸಿವಿಸಿ ಇದ್ದೇ ಇದೆ. ದಯೆಯ ಕೆಲಸಗಳೆಲ್ಲ ಈ ಲೋಕದಲ್ಲಿ ಮುಗಿದುಹೋಗುವಂಥವು, ನೋಟ ಮಾತ್ರ ಉಳಿಯುವುದು ಎನ್ನುತ್ತಾನೆ ಅವನ ಹಿರಿಯ. ಯಾಕೆ ಮುಗಿಯುತ್ತವೆ? ಎಲ್ಲರಿಗೂ ಸೇರಿದ್ದನ್ನು ಕೆಲವರು ತಮ್ಮದು ಮಾಡಿಕೊಂಡದ್ದರಿಂದ ಹುಟ್ಟಿದ ಅಸಮಾನತೆ ಇರುವ ತನಕ ಮಾತ್ರ ಅವುಗಳ ಅಗತ್ಯ ಎಂಬುದು ಅವನ ಕಾರಣ. ಐದನೆಯ ಶತಮಾನದ ಸಂನ್ಯಾಸಿಯೊಬ್ಬನ ಬಾಯಿಂದ ಇಷ್ಟು ಖಾರದ ಮಾತು ಬರುವುದು ಸಂತೋಷದ ವಿಷಯ. ಆದರೆ ಇದೇ ವಾದವನ್ನು ತಿರುವಿ ಹಾಕಬಹುದಲ್ಲ: ಅಸಮಾನತೆ ಹೋಗಿಲ್ಲದ ಈ ಲೋಕದಲ್ಲಿ ಅಡುಗೆಮನೆಯನ್ನು ಎರಡನೆಯ ದರ್ಜೆಗೆ ಇಳಿಸಲು ನಮಗೇನು ಅವಸರ?

ಮರುಭೂಮಿಯವರಲ್ಲೇ ಇದನ್ನು ಕಂಡು ನಕ್ಕವನು ಸೀನಾಯಿ ಬೆಟ್ಟದ ಅಬ್ಬಾ ಸಿಲ್ವಾನಸ್. ಹಿರಿಯರ ನುಡಿಗಳ ಸಂಗ್ರಹದಲ್ಲಿ ಅವನ ಕಥೆ ಇದೆ. ಅಲ್ಲಿಗೆ ಬಂದ ಅತಿಥಿ ಸಂನ್ಯಾಸಿಯೊಬ್ಬ, ಮಠದವರೆಲ್ಲ ಕೆಲಸದಲ್ಲಿ ತೊಡಗಿದ್ದನ್ನು ನೋಡಿ, ನಶಿಸುವ ಅನ್ನಕ್ಕಾಗಿ ಯಾಕೆ ದುಡಿಯುತ್ತೀರಿ, ಮರಿಯ ಒಳ್ಳೆಯ ಪಾಲನ್ನು ಆರಿಸಿಕೊಳ್ಳಲಿಲ್ಲವೇ ಎಂದು ಆಕ್ಷೇಪಿಸುತ್ತಾನೆ. ಸಿಲ್ವಾನಸ್ ವಾದಕ್ಕೆ ಹೋಗದೆ, ಅವನಿಗೊಂದು ಪುಸ್ತಕ ಕೊಟ್ಟು ಒಂದು ಖಾಲಿ ಕೋಣೆಯಲ್ಲಿ ಕೂರಿಸಲು ಶಿಷ್ಯನಿಗೆ ಹೇಳುತ್ತಾನೆ. ಊಟದ ಹೊತ್ತಾಯಿತು. ಅತಿಥಿ ಬಾಗಿಲನ್ನೇ ನೋಡುತ್ತಾನೆ, ಯಾರೂ ಕರೆಯುವುದಿಲ್ಲ. ಹಸಿವು ತಾಳಲಾರದೆ ಎದ್ದು ಬಂದು ಕೇಳಿದರೆ ಎಲ್ಲರ ಊಟ ಆಗಿದೆ. ನನ್ನನ್ನೇಕೆ ಕರೆಯಲಿಲ್ಲ? ನೀನು ಆತ್ಮದ ಮನುಷ್ಯ, ನಿನಗೆ ಈ ಊಟ ಬೇಡವಲ್ಲ. ನಾವು ಮೈಯಿರುವವರು, ಹಸಿವಾಗುತ್ತದೆ, ಅದಕ್ಕೇ ದುಡಿಯುತ್ತೇವೆ ಎನ್ನುತ್ತಾನೆ ಹಿರಿಯ. ಅತಿಥಿ ತಲೆಬಾಗಿದ ಮೇಲೆ, ಮರಿಯಳಿಗೂ ಮಾರ್ಥ ಬೇಕು ಎಂದು ಸೇರಿಸುತ್ತಾನೆ. ಇಡೀ ಪರಂಪರೆಯಲ್ಲಿ ಈ ಕಥೆಯ ಅತ್ಯುತ್ತಮ ವಿಮರ್ಶೆ ನನಗೆ ಇದೇ. ಆಮೇಲೆ ಜರ್ಮನಿಯ ಎಕ್‌ಹಾರ್ಟ್ ತನ್ನ ಒಂದು ಪ್ರಸಂಗದಲ್ಲಿ, ಮಾರ್ಥಳೇ ಪಕ್ವವಾದವಳು, ಮರಿಯ ಇನ್ನೂ ಕಲಿಯುವ ಹುಡುಗಿ ಎಂದು ಕಥೆಯನ್ನೇ ತಲೆಕೆಳಗೆ ಮಾಡಿದ. ಅದು ಮಿಂಚಿನಂಥ ಓದು, ನಿಜ. ಆದರೆ ಯೇಸುವಿನ ಉತ್ತರವನ್ನು ಇಷ್ಟು ತಿರುಚಿದರೆ ಪಠ್ಯ ಇದ್ದೂ ಇಲ್ಲದಂತೆ.

ಸಿಲ್ವಾನಸ್‌ನ ಹಾಸ್ಯದ ಹಿಂದೆ ಗಂಭೀರವಾದ ಒಂದು ಪ್ರಶ್ನೆಯಿದೆ: ಒಬ್ಬರ ಏಕಾಗ್ರತೆಯ ಖರ್ಚನ್ನು ಯಾರು ಭರಿಸುತ್ತಾರೆ? ವೆಲಾಸ್ಕೆಸ್ 1618ರಲ್ಲಿ, ಇನ್ನೂ ಇಪ್ಪತ್ತು ತುಂಬದ ಹುಡುಗನಾಗಿದ್ದಾಗ, ಸೆವಿಲ್ ನಗರದಲ್ಲಿ ಈ ಕಥೆಯ ಚಿತ್ರ ಬರೆದ. ಅದೀಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ, ಆನ್‌ಲೈನಿನಲ್ಲೂ ನೋಡಬಹುದು. ಚಿತ್ರದ ಮುಂಭಾಗವನ್ನೆಲ್ಲ ಆಕ್ರಮಿಸಿರುವುದು ಒಂದು ಅಡುಗೆಮನೆ. ಮೇಜಿನ ಮೇಲೆ ನಾಲ್ಕು ಮೀನು, ಎರಡು ಮೊಟ್ಟೆ, ಬೆಳ್ಳುಳ್ಳಿ, ಒಣಗಿದ ಕೆಂಪು ಮೆಣಸಿನಕಾಯಿ. (ಅಮೆರಿಕದಿಂದ ಹಡಗು ಹತ್ತಿ ಬಂದ ಕಾಯಿ ಅದು, ನಮ್ಮ ಬ್ಯಾಡಗಿಯ ದೂರದ ನೆಂಟ.) ಕೆಲಸದ ಹುಡುಗಿಯೊಬ್ಬಳು ಹಿತ್ತಾಳೆಯ ಒರಳಿನಲ್ಲಿ ಕುಟ್ಟುತ್ತಿದ್ದಾಳೆ. ಅವಳ ಕೆನ್ನೆ ಕೆಂಪಾಗಿದೆ, ಮುಖ ಅಳುವ ಹಂತದಲ್ಲಿದೆ. ಹಿಂದೆ ನಿಂತ ಮುದುಕಿ ಬೆರಳು ತೋರಿಸಿ ಏನೋ ಹೇಳುತ್ತಿದ್ದಾಳೆ. ಯೇಸು, ಮರಿಯ ಎಲ್ಲಿ? ಬಲಗಡೆ ಮೇಲ್ಮೂಲೆಯಲ್ಲಿ, ಸಣ್ಣದೊಂದು ಚೌಕಟ್ಟಿನೊಳಗೆ. ಅದು ಗೋಡೆಯ ಕಿಂಡಿಯೋ, ಕನ್ನಡಿಯೋ, ತೂಗುಹಾಕಿದ ಚಿತ್ರವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಆ ಚೌಕಟ್ಟಿನಲ್ಲಿ ಮಾರ್ಥ ಇದ್ದಾಳೆ. ಅವಳ ಹೊರಗೆ, ನಮಗೆ ಹತ್ತಿರದಲ್ಲಿ, ಹೆಸರಿಲ್ಲದ ಇನ್ನೊಬ್ಬ ಮಾರ್ಥ. ಮುದುಕಿ ಬೆರಳು ತೋರಿಸುವುದು ಆ ಹುಡುಗಿಗೆ ಸಮಾಧಾನ ಹೇಳಲೋ, ಗದರಲೋ? ನಾನು ಎಷ್ಟು ಸಲ ನೋಡಿದರೂ ಗದರುವಂತೆಯೇ ಕಾಣುತ್ತದೆ.

ಉತ್ತರ ಕರ್ನಾಟಕದ ನಮ್ಮ ಸಭೆಯಲ್ಲಿ ಕ್ರಿಸ್ಮಸ್ ಆರಾಧನೆಯ ನಂತರ ಎಲ್ಲರಿಗೂ ಊಟವಿರುತ್ತಿತ್ತು. ಗುಡಿಯ ಹಿಂದಿನ ಶೆಡ್ಡಿನಲ್ಲಿ ನಮ್ಮವ್ವ ಮತ್ತು ಅವಳ ಓರಗೆಯವರು ನಸುಕಿನಿಂದ ಅನ್ನ, ಸಾರು ಮಾಡುತ್ತಿದ್ದರು. ಒಳಗಿನಿಂದ ಹಾಡು ಕೇಳಿಸಿದರೆ ಸೌಟು ಹಿಡಿದೇ ದನಿ ಕೂಡಿಸುತ್ತಿದ್ದರು. ಪ್ರಸಂಗ ಅವರಿಗೆ ಕೇಳಿಸುತ್ತಿರಲಿಲ್ಲ. ಮಾರ್ಥ-ಮರಿಯರ ಮೇಲಿನ ಪ್ರಸಂಗಗಳನ್ನು ನಾವು ಗಂಡಸರು ಒಳಗೆ ಕೂತು ಕೇಳಿದ್ದೇವೆ, ಅವರು ಮಾಡಿದ ಊಟವನ್ನು ಆಮೇಲೆ ಉಂಡಿದ್ದೇವೆ. ಎಲಿಸಬೆತ್ ಶೂಸ್ಲರ್ ಫಿಯೊರೆಂಜಾ ಎಂಬ ಸ್ತ್ರೀವಾದಿ ವಿದ್ವಾಂಸೆ ಇದೇ ಕಾರಣಕ್ಕೆ ಲೂಕನನ್ನು ತರಾಟೆಗೆ ತೆಗೆದುಕೊಳ್ಳುತ್ತಾರೆ: ಸೇವೆಯ ನೇತೃತ್ವದಲ್ಲಿದ್ದ ಹೆಂಗಸರ ಬಾಯನ್ನು ಈ ಕಥೆ ಮುಚ್ಚಿಸುತ್ತದೆ, ಮಾತಾಡಿದ ಮಾರ್ಥಳಿಗೆ ಗದರಿಕೆ, ಸುಮ್ಮನೆ ಕೂತ ಮರಿಯಳಿಗೆ ಹೊಗಳಿಕೆ. ಈ ಆರೋಪವನ್ನು ನಾನು ಪೂರ್ತಿ ಒಪ್ಪಲಾರೆ. ಗುರುವಿನ ಕಾಲ ಬಳಿ ಕೂರುವುದು ಶಿಷ್ಯನ ಜಾಗ, ಅದನ್ನು ಒಬ್ಬ ಹೆಂಗಸಿಗೆ ಕೊಟ್ಟು ಯಾರೂ ಕಿತ್ತುಕೊಳ್ಳಲಾಗದು ಎನ್ನುವುದು ಸಣ್ಣ ಮಾತಲ್ಲ. ಆದರೆ ಲೂಕನೇ ಬರೆದ ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯ ತೆಗೆದರೆ ಅವರ ಅನುಮಾನಕ್ಕೆ ಬಲ ಬರುತ್ತದೆ. ಅಲ್ಲಿ ವಿಧವೆಯರಿಗೆ ದಿನದ ಊಟ ಹಂಚುವುದರಲ್ಲಿ ಜಗಳ ಬಂದಾಗ ಹನ್ನೆರಡು ಮಂದಿ ಅಪೊಸ್ತಲರು, ಊಟದ ಪಂಕ್ತಿಯ ಕೆಲಸಕ್ಕಾಗಿ ದೇವರ ವಾಕ್ಯವನ್ನು ಬಿಡುವುದು ನಮಗೆ ತಕ್ಕದ್ದಲ್ಲ ಎಂದು ಏಳು ಮಂದಿಯನ್ನು ನೇಮಿಸುತ್ತಾರೆ. ಗಂಡಸರಿಗೆ ಎಳೆದಾಟವಾದರೆ ಸಮಿತಿ, ಮಾರ್ಥಳಿಗಾದರೆ ಬುದ್ಧಿಮಾತು. ತಮಾಷೆಯೆಂದರೆ, ಊಟ ಬಡಿಸಲು ನೇಮಕವಾದ ಏಳರಲ್ಲಿ ಸ್ತೆಫನ ಮತ್ತು ಫಿಲಿಪ್ಪ ಇಬ್ಬರೂ ಮುಂದಿನ ಅಧ್ಯಾಯಗಳಲ್ಲಿ ವಾಕ್ಯ ಸಾರುತ್ತ ಕಾಣಿಸಿಕೊಳ್ಳುತ್ತಾರೆ. ವಾಕ್ಯ ಬೇರೆ, ಬಡಿಸುವುದು ಬೇರೆ ಎಂಬ ಗೆರೆ ಲೂಕನ ಕೈಯಲ್ಲೇ ನಿಲ್ಲಲಿಲ್ಲ.

ಅಡುಗೆಮನೆಯಲ್ಲೇ ದೇವರನ್ನು ಕಂಡವನೆಂದು ಬ್ರದರ್ ಲಾರೆನ್ಸ್‌ನನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಅವನನ್ನು ನೋಡದೆ ಮುಂದೆ ಹೋಗುವಂತಿಲ್ಲ. 1614ರಲ್ಲಿ ಲೊರೇನ್ ಪ್ರಾಂತದಲ್ಲಿ ಹುಟ್ಟಿದ ನಿಕೊಲಾ ಎರ್ಮಾನ್, ಸೈನಿಕನಾಗಿ ಕಾಲಿಗೆ ಗಾಯ ಮಾಡಿಕೊಂಡು, ಪ್ಯಾರಿಸಿನ ಕಾರ್ಮೆಲೈಟ್ ಮಠ ಸೇರಿ, ಹದಿನೈದು ವರ್ಷದಷ್ಟು ಕಾಲ ಅಲ್ಲಿಯ ಅಡುಗೆಮನೆಯಲ್ಲಿ ದುಡಿದು, ಆಮೇಲೆ ಚಪ್ಪಲಿ ಹೊಲಿಯುತ್ತ 1691ರಲ್ಲಿ ತೀರಿಕೊಂಡ. ಅವನ ಮಾತು ಮತ್ತು ಪತ್ರಗಳನ್ನು ಜೋಸೆಫ್ ದ ಬೋಫೋರ್ ಎಂಬ ಪಾದ್ರಿ ಸಂಗ್ರಹಿಸಿ ಪ್ರಕಟಿಸಿದ. ದೇವರ ಸನ್ನಿಧಿಯ ಅಭ್ಯಾಸ ಎಂಬರ್ಥದ ಹೆಸರಿನಲ್ಲಿ ಅದು ಇಂದಿಗೂ ಅಚ್ಚಾಗುತ್ತಿದೆ. ಪಾತ್ರೆಗಳ ಸದ್ದಿನ ನಡುವೆಯೂ ಪ್ರಾರ್ಥನೆಯ ಹೊತ್ತಿನಲ್ಲಿದ್ದಷ್ಟೇ ನೆಮ್ಮದಿಯಿಂದ ದೇವರೊಂದಿಗೆ ಇದ್ದವನು ಅವನು. ಪುಸ್ತಕ ಸಣ್ಣದು, ಪ್ರಾಮಾಣಿಕವಾದದ್ದು. ನನ್ನನ್ನು ಹಿಡಿದು ನಿಲ್ಲಿಸುವುದು ಅದರ ಎರಡು ವಿವರಗಳು. ಅಡುಗೆ ಕೆಲಸವೆಂದರೆ ಲಾರೆನ್ಸ್‌ಗೆ ಸ್ವಭಾವತಃ ಆಗುತ್ತಿರಲಿಲ್ಲ. ಮಠಕ್ಕೆ ದ್ರಾಕ್ಷಾರಸ ಖರೀದಿಸಲು ಅವನನ್ನು ಬರ್ಗಂಡಿಗೆ ಕಳಿಸಿದಾಗ, ವ್ಯವಹಾರ ಬಾರದ, ಕುಂಟುವ ಈ ಮನುಷ್ಯ ದೋಣಿಯಲ್ಲಿ ಪೀಪಾಯಿಗಳ ಮೇಲೆ ಹೊರಳುತ್ತ ಅತ್ತಿಂದಿತ್ತ ಸರಿಯಬೇಕಾಯಿತು. ಆ ಪೀಪಾಯಿಗಳಿಂದಾಗಿ ನನಗೆ ಅವನ ಮೇಲೆ ನಂಬಿಕೆ ಹುಟ್ಟುತ್ತದೆ. ಆದರೆ ಈ ಪುಸ್ತಕವನ್ನು ನಮ್ಮ ಕಾಲದ ಕಚೇರಿ ಜೀವಿಗಳು ಓದುವ ರೀತಿ ನನಗೆ ಹಿಡಿಸದು. ಒತ್ತಡ ಎಷ್ಟೇ ಇರಲಿ, ಒಳಗೆ ಪ್ರಶಾಂತವಾಗಿರುವುದನ್ನು ಕಲಿಯಿರಿ ಎಂದು ಓದಿದರೆ, ಹದಿನೈದು ವರ್ಷ ಒಬ್ಬನನ್ನು ಅವನಿಗೆ ಆಗದ ಕೆಲಸಕ್ಕೆ ಯಾಕೆ ಹಾಕಿದರು ಎಂಬ ಪ್ರಶ್ನೆ ಏಳುವುದೇ ಇಲ್ಲ. ಲಾರೆನ್ಸ್ ಪಾದ್ರಿಯಾಗುವ ಅರ್ಹತೆಯಿಲ್ಲದ ಕೆಳ ದರ್ಜೆಯ ಸಹೋದರ. ಅವನು ಬೇಯಿಸಿದ್ದನ್ನು ಉಂಡು ಮೇಲಿನವರು ನಿಶ್ಚಿಂತೆಯಿಂದ ಜಪಿಸುತ್ತಿದ್ದರು. ಅವನ ಶಾಂತಿ ಅವನದು. ಅದನ್ನು ತೋರಿಸಿ ಇನ್ನೊಬ್ಬನಿಗೆ ವಾರಾಂತ್ಯದ ರಿಲೀಸ್ ಡ್ಯೂಟಿ ಹಾಕುವುದು ಸಲ್ಲದು.

ನಮ್ಮ ಕನ್ನಡದವನೊಬ್ಬ ಇದಕ್ಕಿಂತ ನಿಷ್ಠುರವಾಗಿ ಮಾತಾಡಿದ್ದಾನೆ. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯ, ಕಾಯಕದಲ್ಲಿ ತೊಡಗಿರುವಾಗ ಗುರುದರ್ಶನವನ್ನೂ ಲಿಂಗಪೂಜೆಯನ್ನೂ ಮರೆಯಬೇಕೆಂಬರ್ಥದಲ್ಲಿ ಹೇಳುತ್ತಾನೆ. ಅಂದರೆ ಅವನ ಲೆಕ್ಕದಲ್ಲಿ ಕಾಯಕದ ನಡುವೆ ಬಂದ ಪೂಜೆಯೇ ಗಮನಭಂಗ! ಆದರೆ ಅವನ ಹೆಂಡತಿ ಲಕ್ಕಮ್ಮನ ಮಾತನ್ನೂ ಜೊತೆಗಿಟ್ಟು ಓದಬೇಕು. ಗಂಡ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದು ಆಸೆಯೆಂದು ಗದರಿ, ಮರಳಿ ಸುರಿದು ಬರಲು ಹೇಳಿದವಳು ಅವಳು. ಕಾಯಕವೂ ಎಳೆದಾಟವಾಗಬಲ್ಲದು ಎಂಬುದನ್ನು ಹಿಡಿದದ್ದು ಮನೆಯ ಅಕ್ಕಿಯ ಅಳತೆ ಗೊತ್ತಿದ್ದ ಹೆಂಗಸು. ಎರಡು ಧರ್ಮಗಳನ್ನು ಒಂದೇ ಮಾಡುವ ಉಮೇದು ನನಗಿಲ್ಲ, ಲಕ್ಕಮ್ಮನನ್ನು ಬೇಥಾನ್ಯಕ್ಕೆ ಕರೆದೊಯ್ಯುವುದೂ ಬೇಡ. ಕನ್ನಡದಲ್ಲಿ ಓದುವವನ ಕಿವಿಯಲ್ಲಿ ಈ ದನಿಗಳು ಒಟ್ಟಿಗೇ ಮೊಳಗುತ್ತವೆ, ಏನು ಮಾಡುವುದು.

ಯಾವುದು ಸೇವೆ, ಯಾವುದು ಅಡ್ಡಿ ಎಂದು ಹೊರಗೆ ನಿಂತು ತೀರ್ಪು ಕೊಡುವುದು ಎಷ್ಟು ಅಪಾಯದ ಕೆಲಸ ಎಂಬುದಕ್ಕೆ ನಾವು ದೂರ ಹೋಗಬೇಕಿಲ್ಲ. ಫರ್ಡಿನೆಂಡ್ ಕಿಟ್ಟೆಲ್ 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದದ್ದು ಸುವಾರ್ತೆ ಸಾರಲು. ಆದರೆ ಅವರನ್ನು ಕನ್ನಡ ಎಳೆಯಿತು. ಹಳಗನ್ನಡ ಕಾವ್ಯ, ಛಂದಸ್ಸು, ಗಾದೆ, ಪದ. 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿ ಪ್ರಕಟಿಸಿದರು. 1894ರಲ್ಲಿ ಮಂಗಳೂರಿನ ಮಿಷನ್ ಮುದ್ರಣಾಲಯದಿಂದ ನಿಘಂಟು ಹೊರಬಂತು. ಮಿಷನ್ನಿನ ಒಳಗೆ ಅವರ ಈ ಒಲವು ಎಲ್ಲರಿಗೂ ಹಿಡಿಸಿರಲಿಲ್ಲ. ಆತ್ಮಗಳ ಕೊಯ್ಲಿಗೆಂದು ಕಳಿಸಿದವನು ಪದಗಳನ್ನು ಆಯುತ್ತ ಕೂತರೆ ಹಿರಿಯರಿಗೆ ಏನೆನ್ನಿಸಬೇಕು? ಗಮನಭಂಗವೆಂಬ ಪಟ್ಟಿಯೊಂದನ್ನು 1870ರ ಮಂಗಳೂರಿನಲ್ಲಿ ಬರೆದಿದ್ದರೆ ಅದರಲ್ಲಿ ಕೇಶಿರಾಜ, ನಾಗವರ್ಮ ಇಬ್ಬರೂ ಇರುತ್ತಿದ್ದರೇನೋ. ಇವತ್ತು ಕಿಟ್ಟೆಲ್ ಅವರ ಪ್ರಸಂಗಗಳನ್ನು ನೆನೆಯುವವರು ಎಷ್ಟು ಮಂದಿ? ಆ ನಿಘಂಟನ್ನು ತೆರೆಯದ ಕನ್ನಡ ವಿಭಾಗವಿಲ್ಲ. ಹೀಗೆಂದು ಎಲ್ಲ ಹವ್ಯಾಸಗಳೂ ಸೇವೆಯೇ ಎಂದು ನಾನು ಪರವಾನಗಿ ಕೊಡುತ್ತಿಲ್ಲ. ಕಿಟ್ಟೆಲ್ ಅವರದ್ದು ಎಳೆದಾಟವಾಗಿರಲಿಲ್ಲ, ಎಂದೇ ನನ್ನ ಊಹೆ. ನಾಲ್ಕು ದಶಕ ಒಂದೇ ಕಡೆಗೆ ಎಳೆಸಿಕೊಂಡವನನ್ನು ಚದುರಿದವನು ಎನ್ನಲು ಬರುವುದಿಲ್ಲ.

ಮಾರ್ಥಳ ಬಗ್ಗೆ ಪಟ್ಟಿಯವರು ಸಾಮಾನ್ಯವಾಗಿ ತೆರೆಯದ ಇನ್ನೆರಡು ಪುಟಗಳಿವೆ, ಯೋಹಾನನ ಸುವಾರ್ತೆಯಲ್ಲಿ. ಅಲ್ಲಿ ಊರಿನ ಹೆಸರು ಬೇಥಾನ್ಯ, ಮನೆಯಲ್ಲಿ ಲಾಜರ ಎಂಬ ಸೋದರನೂ ಇದ್ದಾನೆ. ಹನ್ನೊಂದನೆಯ ಅಧ್ಯಾಯದಲ್ಲಿ ಅವನು ಸತ್ತು ನಾಲ್ಕು ದಿನವಾದ ಮೇಲೆ ಯೇಸು ಬರುತ್ತಾನೆ. ಸುದ್ದಿ ಕೇಳಿ ಎದ್ದು ದಾರಿಗೆ ಓಡುವವಳು ಮಾರ್ಥ. ಮರಿಯ ಮನೆಯಲ್ಲೇ ಕೂತಿರುತ್ತಾಳೆ. ದಾರಿಯಲ್ಲಿ ನಿಂತು, ಇಷ್ಟು ಬೇಗ ಬರಬಾರದಿತ್ತೇ ಎಂದು ಹೆಚ್ಚುಕಡಿಮೆ ಜಗಳವನ್ನೇ ತೆಗೆದು, ಆಮೇಲೆ ಆತನು ದೇವಕುಮಾರನಾದ ಕ್ರಿಸ್ತನೆಂಬ ತನ್ನ ನಂಬಿಕೆಯನ್ನು ಬಾಯಿಬಿಟ್ಟು ಹೇಳುವವಳೂ ಮಾರ್ಥಳೇ. ಬೇರೆ ಸುವಾರ್ತೆಗಳಲ್ಲಿ ಇಂಥ ಮಾತನ್ನು ಆಡುವುದು ಪೇತ್ರ. ಹನ್ನೆರಡನೆಯ ಅಧ್ಯಾಯದಲ್ಲಿ ಅದೇ ಮನೆಯವರೊಂದಿಗೆ ಮತ್ತೊಂದು ಊಟ. ಸತ್ತು ಬದುಕಿದ ಲಾಜರ ಪಂಕ್ತಿಯಲ್ಲಿದ್ದಾನೆ. ಮರಿಯ ಬೆಲೆಬಾಳುವ ತೈಲ ತಂದು ಯೇಸುವಿನ ಪಾದಕ್ಕೆ ಸುರಿಯುತ್ತಾಳೆ, ಮನೆಯೆಲ್ಲ ಪರಿಮಳ. ಹಣ ಪೋಲಾಯಿತೆಂದು ಯೂದನು ಗೊಣಗುತ್ತಾನೆ. ಈ ಗದ್ದಲದ ಆರಂಭದಲ್ಲಿ, ಯಾರೂ ಗಮನಿಸದಂಥ ಜಾಗದಲ್ಲಿ, ಯೋಹಾನ ಎರಡೇ ಪದಗಳಲ್ಲಿ ಒಂದು ಸಂಗತಿ ದಾಖಲಿಸುತ್ತಾನೆ: ಮಾರ್ಥ ಬಡಿಸುತ್ತಿದ್ದಳು. ಕ್ರಿಯಾಪದ ಲೂಕನಲ್ಲಿ ಬಂದ ‘ದಿಯಕೋನಿಯ’ದ್ದೇ. ‘ಪೆರಿಸ್ಪಾವೋ’ ಅಲ್ಲಿ ಇಲ್ಲ. ಈ ಸಲ ಅವಳು ಯಾರನ್ನೂ ದೂರುವುದಿಲ್ಲ, ಅವಳನ್ನು ಕೂರು ಎಂದು ಯಾರೂ ಹೇಳುವುದಿಲ್ಲ.